ಅಪ್‌ಡೇಟ್: ಲಕ್ಸ್ ಡಿಸ್ಕಿನ ಪಾಸ್‌ವರ್ಡ್ ಸಿಕ್ತ್ರಿ!

2013ರಾಗ ಲಕ್ಸ್1 (LUKS1, ಲಿನಕ್ಸಿನಾಗ ಡಿಸ್ಕಿಗೆ ಪಾಸ್‌ವರ್ಡ್ ಬೀಗ ಹಾಕೋ ಗೂಢಲಿಪಿ ವ್ಯವಸ್ಥೆ) ಹಾಕಿದ್ದ ಹಾರ್ಡ್‌ಡಿಸ್ಕಿನ ಪಾಸ್‌ವರ್ಡ್ ಮರೆತು, ಹೋದ ವಾರ ಇಲ್ಲೇ ಸಹಾಯ ಕೇಳಿದ್ದೆ. ನಿನ್ನೆ ತೆರೀತ್ರಿ.

ನೆಟ್ಟಿನಾಗ ಸಿಗೋ ಸಿದ್ಧ ಪಾಸ್‌ವರ್ಡ್ ಪಟ್ಟಿ ಉಪಯೋಗಕ್ಕ ಬರಲಿಲ್ಲ. ಕೆಲಸ ಮಾಡಿದ್ದು 'ನೆನಪಿರೋ ತುಣುಕು ಜೋಡಿಸಿ ನಿಮ್ಮದ ಪಟ್ಟಿ ಮಾಡ್ರಿ' ಅನ್ನೋ ಸಲಹೆ. ಪೇಲೋಡ್ (ಗುಪ್ತವಾಗಿರೋ ಅಸಲಿ ಡೇಟಾ) ಸೊನ್ನೆಯಿಂದ ಎಣಿಸಿದ್ರ 4096ನೇ ಸೆಕ್ಟರಿಗೆ (ಡಿಸ್ಕಿನ ಸಣ್ಣ ತುಂಡು) ಶುರು ಇತ್ತು, ಅದಕ್ಕ 'ಡಿಡಿ' (dd) ಅನ್ನೋ ನಕಲು ಕಮಾಂಡಿನಿಂದ ಮೊದಲ 4097 ಸೆಕ್ಟರ್ ತಗದು, ಪಾಸ್‌ವರ್ಡ್ ಹುಡುಕೋ ತಂತ್ರಾಂಶ ಹ್ಯಾಶ್‌ಕ್ಯಾಟಿನ ಲಕ್ಸ್1 ಮೋಡ್ 14600ಕ್ಕ ಕೊಟ್ಟು, ಧಾರವಾಡದ ಮೂರು ಜಿಪಿಯು ಮಷೀನಿಗೆ ಸ್ಕಿಪ್, ಲಿಮಿಟ್ (ಎಷ್ಟು ಬಿಟ್ಟು ಶುರು ಮಾಡಬೇಕು, ಎಷ್ಟು ನೋಡಬೇಕು ಅನ್ನೋ ಆಯ್ಕೆ) ಹಾಕಿ ಪಟ್ಟಿ ಹಂಚಿದೆ. ತಪ್ಪೋದು ಇಲ್ಲೇ: ರೂಲ್ಸ್ (ಪಟ್ಟಿಯ ಪ್ರತಿ ಪದಾನ ಬದಲಿಸಿ ಹೊಸ ಪಾಸ್‌ವರ್ಡ್ ಮಾಡೋ ನಿಯಮ) ಇದ್ದಾಗ ಒಟ್ಟು ಪಾಸ್‌ವರ್ಡ್ ಸಂಖ್ಯೆ ಅಲ್ಲ, ಹ್ಯಾಶ್‌ಕ್ಯಾಟಿನ 'ಕೀಸ್ಪೇಸ್' ಆಯ್ಕೆ ತೋರಿಸೋ ಸಂಖ್ಯೆ, ಅಂದ್ರ ಪಟ್ಟಿಯ ಸಾಲು, ಹಂಚಬೇಕು. ಇಲ್ಲಾಂದ್ರ ಎರಡನೇ ಮಷೀನು ಎರರ್ ಕೊಟ್ಟು ನಿಲ್ಲತೈತಿ.

ಆಶ್ಚರ್ಯ ಅಂದ್ರ, ಪಟ್ಟಿಯಾಗ ಹುಬ್ಬಳ್ಳಿಯ ಈಗಿನ ಇಂಗ್ಲಿಷ್ ಸ್ಪೆಲ್ಲಿಂಗ್ (Hubballi) ಅಷ್ಟ ಇತ್ತು. ಅದು ಬದಲಾದದ್ದು 2014ರ ನವೆಂಬರ್ 1ಕ್ಕ! ಪಾಸ್‌ವರ್ಡ್ ಹಾಕಿದ್ದು ಅದಕ್ಕೂ ಮೊದಲ, ಹಂಗಾಗಿ ಹಳೇ 'ಹುಬ್ಲಿ' (Hubli) ಸೇರಿಸಿದ ಮ್ಯಾಲ ಸಿಕ್ತು.