ಅಪ್‌ಡೇಟ್: ಒಟ್ಟಿಗೆ ಮೂರು ಪುಸ್ತಕ ಓದುತ್ತಿದ್ದೇನೆ
ಹೋದ ತಿಂಗಳು ಕೇಳಿದ್ದೆ. ಬಿ.ಎಸ್ಸಿ. ಕ್ಲಾಸು, ಲ್ಯಾಬ್, ದಿನಾ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸು. ಇದರ ನಡುವೆ ಮೂರು ಪುಸ್ತಕ ಒಟ್ಟಿಗೆ ಓದಿದರೆ ಕಲಸಿಹೋಗಲ್ವಾ ಅಂತ. ಒಂದೊಂದಕ್ಕೂ ಒಂದೊಂದು ಹೊತ್ತು ಕೊಡು ಅಂದಿದ್ರಿ. ಹಾಗೇ ಮಾಡಿದೆ.

ಬಸ್ಸಿಗೆ ತೇಜಸ್ವಿಯವರ ‘ಕರ್ವಾಲೊ’. ಪುಟ್ಟ ಪುಸ್ತಕ, ಬ್ಯಾಗಿನ ಹೊರಜೇಬಲ್ಲೇ ಹಿಡಿಯುತ್ತದೆ. ಮಂಡಗದ್ದೆ ಹತ್ತಿರ ತುಂಗೆ ಕಂಡಾಗ ತಲೆ ಎತ್ತುತ್ತೇನೆ, ಆಮೇಲೆ ಮತ್ತೆ ಕತೆಯ ಹಾರುವ ಓತಿಯ ಹಿಂದೆ. ಲ್ಯಾಬ್ ಶುರುವಾಗುವ ಮೊದಲು ಒಂದೆರಡು ಕವನ, ಅಷ್ಟೇ.

ರಾತ್ರಿ ಮಾತ್ರ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರ ಕಾದಂಬರಿ, ನಮ್ಮ ಸೀಮೆಯದೇ ಕತೆ. ದಪ್ಪ ಪುಸ್ತಕ, ಜನವೂ ಜಾಸ್ತಿ. ಅದಕ್ಕೇ ದಿನಕ್ಕೆ ಹತ್ತು ಪುಟ. ಮೊನ್ನೆ ಹೆಂಚಿನ ಮೇಲೆ ಮಳೆ ಬಡಿಯುತ್ತಿತ್ತು, ಕರೆಂಟ್ ಹೋಯಿತು. ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಹೊರಟ ದಾರಿಯನ್ನು ಮೊಬೈಲ್ ಟಾರ್ಚಿನಲ್ಲಿ ಓದಿದೆ. ಹೊರಗೆ ನಮ್ಮ ನಾಯಿ ಒಂದೇ ಸಮನೆ ಬೊಗಳುತ್ತಿತ್ತು. ಮೈ ಜುಮ್ಮೆಂದಿತು!

ಕಲಸಿಹೋಗಲಿಲ್ಲ. ಬದಲಿಗೆ ಎರಡೂ ಕಾದಂಬರಿ ಒಂದಕ್ಕೊಂದು ಮಾತಾಡಿಕೊಳ್ಳುತ್ತಿವೆ. ‘ಕರ್ವಾಲೊ’ದಲ್ಲಿ ಕಿವಿ ಅನ್ನೋ ನಾಯಿ, ಇಲ್ಲಿ ಹುಲಿಯ. ಕಾಡೂ ಎರಡು ಬಗೆ. ಒಂದೊಂದೇ ಓದಿದ್ದರೆ ಇದು ನನಗೆ ಹೊಳೆಯುತ್ತಲೇ ಇರಲಿಲ್ಲ. ತುಂಬಾ ಥ್ಯಾಂಕ್ಸ್. ‘ಕರ್ವಾಲೊ’ ಈ ವಾರ ಮುಗಿಯುತ್ತದೆ, ಬಸ್ಸಿಗೆ ಇನ್ನೊಂದು ಸಣ್ಣದು ಹೇಳಿ.