ನಮ್ಮ ಮಕ್ಕಳು, ಅವರ ಲೇತ್: ಎರಡು ಸಂಸ್ಥೆಗಳು ಜೊತೆಗೂಡುವುದು ಹೇಗೆ?

ಕೇಳಿದವರು: ಐಟಿಐ ಬೋಧಕರು, ಸಕಲೇಶಪುರ ತಾಲ್ಲೂಕು

ನಮ್ಮದು ಚಿಕ್ಕ ಖಾಸಗಿ ಐಟಿಐ. ಟರ್ನರ್ ವೃತ್ತಿಯಲ್ಲಿ 20 ಮಕ್ಕಳಿದ್ದಾರೆ. ಲೋಹ ಕಡೆಯುವ ಹಳೆಯ ಲೇತ್‌ಗಳಿವೆ, ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಸಿಎನ್‌ಸಿ ಇಲ್ಲ. ಸುಮಾರು 40 ಕಿಲೋಮೀಟರ್ ದೂರದ ಹಾಸನದಲ್ಲಿ ಪಾಲಿಟೆಕ್ನಿಕ್ ಒಂದರ ಸಿಎನ್‌ಸಿ ಯಂತ್ರ ಮಧ್ಯಾಹ್ನದ ಮೇಲೆ ಖಾಲಿ ಇರುತ್ತದೆ. ಅಲ್ಲಿನ ಪ್ರಾಚಾರ್ಯರು ಒಡಂಬಡಿಕೆಗೆ ಒಪ್ಪಿದ್ದಾರೆ. ಹೀಗೆ ನಡೆಸಿ ನೋಡಿದವರು ಯಾವುದನ್ನು ಮೊದಲು ಬಗೆಹರಿಸಿಕೊಳ್ಳಬೇಕೆಂದು ತಿಳಿಸುವಿರಾ?

ನಿವೃತ್ತ ಕಿರಿಯ ತರಬೇತಿ ಅಧಿಕಾರಿ, ಚಿಕ್ಕಮಗಳೂರು

ಸರ್, ಇದನ್ನು ನಾನು ಎರಡು ಸಲ ಮಾಡಿದ್ದೇನೆ. ಮೊದಲನೆಯದು ಕೆಟ್ಟಿತು.

ಆಗ ಇಬ್ಬರು ಮುಖ್ಯಸ್ಥರು ಸಹಿ ಹಾಕಿದರು, ಶಾಲು ಹೊದಿಸಿಕೊಂಡರು. ಕಾರ್ಯಾಗಾರದಲ್ಲಿ ಮಕ್ಕಳ ಪಕ್ಕ ನಿಲ್ಲಬೇಕಾದ ನನ್ನನ್ನಾಗಲಿ, ಆ ಕಡೆಯ ಲ್ಯಾಬ್ ಸಹಾಯಕರನ್ನಾಗಲಿ ಯಾರೂ ಒಂದು ಮಾತು ಕೇಳಿರಲಿಲ್ಲ. ಮೂರನೆಯ ವಾರ ಒಂದು ಟೂಲ್ ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ ಚಿಕ್ಕ ಬಿಲ್ಲೆ, ಮುರಿಯಿತು. ಅದರ ದುಡ್ಡು ಯಾರು ಕೊಡಬೇಕೆಂಬುದು ಕಾಗದದಲ್ಲಿ ಇರಲಿಲ್ಲ. ಮುಂದಿನ ವಾರ ಹೋದರೆ ಕೀಲಿಕೈ ಇಟ್ಟುಕೊಂಡವರು ರಜೆ. ಎರಡು ಗಂಟೆ ಬಸ್ಸಿನಲ್ಲಿ ಬಂದ ಮಕ್ಕಳು ಬೀಗ ನೋಡಿ ಹಿಂತಿರುಗಿದರು. ಆ ಮುಖಗಳು ನನಗೆ ಇನ್ನೂ ನೆನಪಿವೆ.

ಎರಡನೆಯ ಸಲ ಕೆಳಗಿನಿಂದ ಶುರು ಮಾಡಿದೆ. ಆ ಕಡೆಯ ಉಪನ್ಯಾಸಕರು, ಲ್ಯಾಬ್ ಸಹಾಯಕರು ಮತ್ತು ನಾನು ಎರಡು ಮಧ್ಯಾಹ್ನ ಕುಳಿತು ಒಂದೇ ಹಾಳೆಯಲ್ಲಿ ಬರೆದುಕೊಂಡೆವು. ಪ್ರತಿ ಗುರುವಾರ, ಒಂದು ಸಲಕ್ಕೆ ಐದೇ ಮಕ್ಕಳು. 20 ಜನ ಒಂದು ಯಂತ್ರದ ಸುತ್ತ ನಿಂತರೆ ಹಿಂದಿನವರು ಕಲಿಯುವುದು ಮುಂದಿನವರ ಬೆನ್ನನ್ನು ಮಾತ್ರ. ಇನ್ಸರ್ಟ್ ಮತ್ತು ಕಬ್ಬಿಣದ ಸರಳು ನಮ್ಮದು, ಕೂಲಂಟ್ (ಟೂಲನ್ನು ತಣಿಸುವ ದ್ರವ) ಮತ್ತು ವಿದ್ಯುತ್ ಅವರದು. ನಮ್ಮ ಬೋಧಕರು ಜೊತೆಗಿದ್ದು ಹಾಜರಾತಿ ಬರೆಯಬೇಕು. ಕೀಲಿಕೈ ಯಾರ ಬಳಿ, ಅವರು ಇಲ್ಲದ ದಿನ ಇನ್ಯಾರ ಬಳಿ ಎಂಬುದನ್ನೂ ಬರೆದೆವು. ಸಹಿಗೆ ಹೋದದ್ದು ಆಮೇಲೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಮೊದಲ ಸಲ ನಾವು ಬೇಡಲು ಹೋದವರಂತೆ ಬಾಗಿಲಲ್ಲಿ ನಿಂತಿದ್ದೆವು. ಎರಡನೆಯ ಸಲ ಕೊಡಲೂ ಹೋದೆವು. ಡಿಪ್ಲೊಮಾ ಮಕ್ಕಳಿಗೆ ನಕ್ಷೆ ಚೆನ್ನಾಗಿ ಬರುತ್ತಿತ್ತು, ಅರ ಹಿಡಿದು ಲೋಹದ ತುಂಡಿನ ಒಂದು ಮುಖವನ್ನು ಸಮತಟ್ಟು ಮಾಡುವುದು ಬರುತ್ತಿರಲಿಲ್ಲ. ನಮ್ಮ ಹುಡುಗರು ಅವರ ಪಕ್ಕ ನಿಂತು, ಭುಜ ಎಲ್ಲಿರಬೇಕು, ಒತ್ತಡ ಯಾವ ಕೈಯದು ಎಂದು ತೋರಿಸಿಕೊಟ್ಟರು. ಅಂದಿನಿಂದ ನಮ್ಮವರನ್ನು ಅಲ್ಲಿ ಯಾರೂ ‘ಐಟಿಐ ಹುಡುಗರು’ ಎಂದು ದೂರವಿಟ್ಟು ಕರೆಯಲಿಲ್ಲ. ನೀವು ಏನು ಕೊಡಬಲ್ಲಿರಿ ಎಂಬುದನ್ನು ಮೊದಲು ಯೋಚಿಸಿ ಸರ್.

ಪಾಲಿಟೆಕ್ನಿಕ್ ಉಪನ್ಯಾಸಕಿ, ಹಾಸನ

ಯಂತ್ರ ಕೊಡುವವರ ಕಡೆಯಿಂದ ಹೇಳುತ್ತೇನೆ. ನಮ್ಮ ಭಯ ಒಂದೇ, ಟೂಲ್ ಹೋಗಿ, ಲೋಹದ ತುಂಡನ್ನು ಹಿಡಿದು ತಿರುಗುವ ಚಕ್‌ಗೆ ಬಡಿಯುವುದು. ಯಂತ್ರಕ್ಕೆ ಕೊಡುವ ಟೂಲಿನ ಅಳತೆ, ಅಂದರೆ ಆಫ್‌ಸೆಟ್, ಒಂದು ತಪ್ಪಾದರೆ ಸಾಕು, ಯಂತ್ರ ತಿಂಗಳುಗಟ್ಟಲೆ ನಿಲ್ಲುತ್ತದೆ, ನಮ್ಮ ಮಕ್ಕಳಿಗೂ ಇಲ್ಲವಾಗುತ್ತದೆ. ಆದ್ದರಿಂದ ಪ್ರೋಗ್ರಾಂ ಬರೆಯುವುದನ್ನು ನಿಮ್ಮಲ್ಲೇ ಕಂಪ್ಯೂಟರಿನ ಸಿಮ್ಯುಲೇಟರ್ ಮೇಲೆ ಕಲಿಸಿ, ತಪ್ಪು ತಿದ್ದಿ, ಆಮೇಲೆ ಕರೆತನ್ನಿ. ಹಾಗೆ ಬಂದ ತಂಡಕ್ಕೆ ನಾನು ನಿಶ್ಚಿಂತೆಯಿಂದ ಯಂತ್ರ ಬಿಟ್ಟುಕೊಡುತ್ತೇನೆ.

ಐಟಿಐ ಮತ್ತು ಪಾಲಿಟೆಕ್ನಿಕ್ ಬೇರೆ ಬೇರೆ ಇಲಾಖೆಗಳಿಗೆ ಸೇರುತ್ತವೆ. ಅನುಮತಿ ಪತ್ರ ಎರಡೂ ಕಡೆ ಓಡಾಡಬೇಕು, ಪ್ರವೇಶ ಮುಗಿದ ಕೂಡಲೇ ಕಳುಹಿಸಿ. ಹಾಗೆಯೇ ಹತ್ತಿರದ ಸರ್ಕಾರಿ ಐಟಿಐಗಳನ್ನೂ ಒಮ್ಮೆ ವಿಚಾರಿಸಿ. ರಾಜ್ಯದ 150 ಸರ್ಕಾರಿ ಐಟಿಐಗಳು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿ 2022ರ ಜೂನ್‌ನಲ್ಲಿ ಉದ್ಘಾಟನೆಯಾದವು. ಅಂಥ ಸಂಸ್ಥೆ ನಿಮ್ಮ ಸಮೀಪದಲ್ಲೇ ಇದ್ದರೆ ಹಾಸನದವರೆಗೆ ಬರುವ ಶ್ರಮ ತಪ್ಪುತ್ತದೆ.

ಐಟಿಐ ಹಳೆಯ ವಿದ್ಯಾರ್ಥಿನಿ, ಮೂಡಿಗೆರೆ

ಬಸ್ಸಿನ ವಿಷಯ ಯಾರೂ ಹೇಳಲಿಲ್ಲ. ವಿದ್ಯಾರ್ಥಿ ಪಾಸ್ ಇರುವುದು ಮನೆಯಿಂದ ನಮ್ಮ ಸಂಸ್ಥೆಯವರೆಗೆ. ಅಲ್ಲಿಂದ ಪಾಲಿಟೆಕ್ನಿಕ್ಕಿಗೆ ಹೋಗುವ ಟಿಕೆಟ್ ಹಣ ನಮ್ಮ ಕೈಯಿಂದ ಹೋಗುತ್ತಿತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತ, ಹುಡುಗರಿಗೆ ಇಲ್ಲ. ಅವರ ಟಿಕೆಟ್ ಹಣವನ್ನು ಸಂಸ್ಥೆಯೇ ಕೊಡಲಿ. ನಮ್ಮ ತಂಡದಲ್ಲಿ ಇಬ್ಬರು ಬರುವುದನ್ನು ನಿಲ್ಲಿಸಿದ್ದು ಕಲಿಯಲು ಮನಸ್ಸಿಲ್ಲದೆ ಅಲ್ಲ.

ಡಿಸೆಂಬರ್, ಜನವರಿಯಲ್ಲಿ ಈ ತರಗತಿ ಇಡಬೇಡಿ. ಕಾಫಿ ಕೊಯ್ಲಿನ ಸಮಯ, ಎಷ್ಟೋ ಮಕ್ಕಳು ಮನೆಯವರ ಜೊತೆ ತೋಟಕ್ಕೆ ಹೋಗುತ್ತಾರೆ. ಜುಲೈಯಲ್ಲಿ ಮಳೆಯ ರಜೆ. ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು.

ಪಾಲಿಟೆಕ್ನಿಕ್ಕಿನ ಒಳಗೆ ಕಾಲಿಟ್ಟದ್ದರಿಂದಲೇ, ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಮೂರನೆಯ ಸೆಮಿಸ್ಟರ್‌ಗೆ ನೇರವಾಗಿ ಸೇರಬಹುದೆಂದು ನನಗೆ ತಿಳಿಯಿತು. ಸೇರಿದೆ. ನಿಮ್ಮ ಮಕ್ಕಳಿಗೆ ಅದನ್ನು ಮೊದಲ ದಿನವೇ ಹೇಳಿ ಸರ್.

ಕೇಳಿದವರು

ಮೂವರಿಗೂ ಮನಸಾರೆ ವಂದನೆ. ಒಡಂಬಡಿಕೆಯ ಕರಡನ್ನು ಪಕ್ಕಕ್ಕಿಟ್ಟಿದ್ದೇನೆ. ಸೋಮವಾರ ಹಾಸನಕ್ಕೆ ಹೋಗಿ ಮೊದಲು ಲ್ಯಾಬ್ ಸಹಾಯಕರನ್ನು ಕಾಣುತ್ತೇನೆ. ನಮ್ಮ ವೆಲ್ಡಿಂಗ್ ಬೋಧಕರೂ ಜೊತೆಗೆ ಬರುತ್ತಾರೆ, ಡಿಪ್ಲೊಮಾ ಮಕ್ಕಳಿಗೆ ಶನಿವಾರಗಳಂದು ಕಲಿಸಲು ಅವರು ಸಿದ್ಧರಿದ್ದಾರೆ.