ಮಣ್ಣು-ನೀರಿನ ಗುಣಗಳ ಸಾಮೂಹಿಕ ದತ್ತಸಂಚಯ: ಗುಣಾಂಕಗಳಷ್ಟೇ ಸಾಕೆ?

ಪ್ರಶ್ನೆ:
ಕೆಲವು ಪ್ರಯೋಗಾಲಯಗಳವರು ಸೇರಿ, ನಮ್ಮಲ್ಲಿ ಚದುರಿಹೋಗಿರುವ ಮಣ್ಣಿನ ತೇವಾಂಶ ಧಾರಣೆ ಮತ್ತು ಜಲವಾಹಕತೆಯ ಅಳತೆಗಳನ್ನು ಎಲ್ಲ ಸಂಶೋಧಕರಿಗೂ ದೊರೆಯುವಂತೆ ಒಂದೆಡೆ ತರಲು ಹೊರಟಿದ್ದೇವೆ. ಹಲವರು, ಹೀರಿಕೆಗೂ (ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುವ ಬಲ) ತೇವಾಂಶಕ್ಕೂ ಇರುವ ಸಂಬಂಧವನ್ನು ಹೇಳುವ, ವಾನ್ ಗೆನುಖ್ಟೆನ್ 1980ರಲ್ಲಿ ಪ್ರಕಟಿಸಿದ ಸಮೀಕರಣಕ್ಕೆ ತಮ್ಮ ಅಂಕಿಗಳನ್ನು ಹೊಂದಿಸಿ, ಬಂದ ಗುಣಾಂಕಗಳನ್ನಷ್ಟೇ ಕಳುಹಿಸುವುದಾಗಿ ಹೇಳುತ್ತಿದ್ದಾರೆ. ಮಾದರಿಗೊಂದು ಸಾಲಿನಂತೆ ಅವನ್ನು ಇಟ್ಟುಕೊಂಡರೆ ಕೋಷ್ಟಕ ಚಿಕ್ಕದಾಗುತ್ತದೆ, ಬಳಸಲೂ ಸುಲಭ. ಇದರಿಂದ ಮುಂದೆ ತೊಡಕಾಗಬಹುದೆ?

ಉತ್ತರ 1:
ಖಂಡಿತ ಆಗುತ್ತದೆ. ಅಳೆದ ಬಿಂದುಗಳಿದ್ದರೆ ಗುಣಾಂಕಗಳನ್ನು ಯಾವಾಗ ಬೇಕಾದರೂ ಲೆಕ್ಕಹಾಕಿಕೊಳ್ಳಬಹುದು. ಗುಣಾಂಕಗಳಿಂದ ಬಿಂದುಗಳನ್ನು ಮರಳಿ ಪಡೆಯಲಾಗದು. ಆ ವಕ್ರರೇಖೆ ಹತ್ತು ಬಿಂದುಗಳ ಮೇಲೆ ನಿಂತಿದೆಯೋ ನಾಲ್ಕರ ಮೇಲೋ ಎಂಬುದೂ ತಿಳಿಯದು. ಉಳಿಕೆ ತೇವಾಂಶವನ್ನು (ಮಣ್ಣು ತೀರಾ ಒಣಗಿದಾಗಲೂ ಉಳಿಯುವ ನೀರು) ಒಬ್ಬರು ಸೊನ್ನೆಯೆಂದು ಇಟ್ಟು, ಇನ್ನೊಬ್ಬರು ಅದನ್ನೂ ಸಮೀಕರಣಕ್ಕೇ ಬಿಟ್ಟಿದ್ದರೆ, ಒಂದೇ ಮಣ್ಣಿಗೆ ವಕ್ರರೇಖೆಯ ಆಕಾರವನ್ನು ನಿರ್ಧರಿಸುವ ಆಲ್ಫಾ ಮತ್ತು ಎನ್ ಗುಣಾಂಕಗಳು ಬೇರೆ ಬೇರೆಯಾಗಿ ಬರುತ್ತವೆ. ಅಮೆರಿಕದ ಅನ್‌ಸೋಡಾ ಎಂಬ ಮಣ್ಣಿನ ದತ್ತಸಂಚಯದಲ್ಲಿರುವುದು 790 ಮಾದರಿಗಳು ಮಾತ್ರ, ಆದರೆ ಅದರಲ್ಲಿ ಅಳತೆಯ ಅಂಕಿಗಳೇ ಇರುವುದರಿಂದ ಹೊಸ ಸಮೀಕರಣ ಬಂದಾಗಲೂ ಅದನ್ನು ಪರೀಕ್ಷಿಸಲು ಸಾಧ್ಯವಾಗುತ್ತದೆ. ಮಾದರಿಗಳ ವಿವರಕ್ಕೆ ಒಂದು ಕೋಷ್ಟಕ, ಹೀರಿಕೆ ಮತ್ತು ತೇವಾಂಶದ ಪ್ರತಿ ಜೋಡಿಗೂ ಒಂದೊಂದು ಸಾಲು ಇರುವ ಇನ್ನೊಂದು ಕೋಷ್ಟಕ ಮಾಡಿಕೊಳ್ಳಿ. ಗುಣಾಂಕಗಳು ಬೇಕಿದ್ದರೆ ಮೂರನೆಯದರಲ್ಲಿರಲಿ.

ಉತ್ತರ 2:
ಮೇಲಿನ ಮಾತು ಸರಿ, ಆದರೆ ನನ್ನ ದೃಷ್ಟಿಯಲ್ಲಿ ಹೆಚ್ಚು ಅಪಾಯವಿರುವುದು ಅಳತೆಯ ವಿಧಾನವನ್ನು ಬರೆದಿಡದಿರುವುದರಲ್ಲಿ. ತೇವಾಂಶ 0.25 ಎಂದಷ್ಟೇ ಇದ್ದರೆ ಅದು ತೂಕದ ಲೆಕ್ಕವೋ ಗಾತ್ರದ ಲೆಕ್ಕವೋ ಗೊತ್ತಾಗುವುದಿಲ್ಲ. ತೂಕದ ಲೆಕ್ಕವಾಗಿದ್ದು, ಒಣ ಮಣ್ಣಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.4 ಗ್ರಾಂ ಇದ್ದರೆ, ಗಾತ್ರದ ಲೆಕ್ಕದಲ್ಲಿ ಅದೇ 0.35 ಆಗುತ್ತದೆ. ಸಾಂದ್ರತೆ ದಾಖಲಾಗಿರದಿದ್ದರೆ ಈ ಪರಿವರ್ತನೆಗೇ ದಾರಿಯಿಲ್ಲ. ಮರಳಿನ ಕೆಳಗಿನ ಮಿತಿಯನ್ನು ಕೆಲವರು 0.05 ಮಿಲಿಮೀಟರ್, ಕೆಲವರು 0.063, ಹಳೆಯ ಅಂತರರಾಷ್ಟ್ರೀಯ ಪದ್ಧತಿಯವರು 0.02 ಎಂದು ಹಿಡಿಯುತ್ತಾರೆ. ಹಾಗಾಗಿ ಶೇಕಡಾವಾರು ಮರಳು ಎಂಬ ಒಂದೇ ಅಂಕಣದಡಿ ಮೂರು ಬಗೆಯ ಅಂಕಿಗಳು ಸೇರಿಕೊಳ್ಳುತ್ತವೆ. ಯುರೋಪಿನ ಹೈಪ್ರೆಸ್ ದತ್ತಸಂಚಯ ಕಟ್ಟಿದವರು ಇದೇ ಕಾರಣಕ್ಕೆ, ಇಲ್ಲದ ಮಿತಿಗಳ ಮೌಲ್ಯವನ್ನು ಅಂದಾಜು ಮಾಡಿ ತುಂಬಬೇಕಾಯಿತು. ಇನ್ನು 1500 ಕಿಲೋಪ್ಯಾಸ್ಕಲ್ ಒತ್ತಡದಲ್ಲಿ ಜೇಡಿಮಣ್ಣು ಪ್ರೆಶರ್ ಪ್ಲೇಟ್ (ಒತ್ತಡ ಹಾಕಿ ಮಣ್ಣಿನ ನೀರನ್ನು ಹೊರತೆಗೆಯುವ ಸಾಧನ) ಮೇಲೆ ಎಷ್ಟೋ ಬಾರಿ ಸಮಸ್ಥಿತಿಗೆ ಬಂದಿರುವುದೇ ಇಲ್ಲ. ತೇವಾಂಶ ವಾಸ್ತವಕ್ಕಿಂತ ಹೆಚ್ಚೆಂದು ದಾಖಲಾಗುತ್ತದೆ. ಆ ಅಂಕಿಯನ್ನು ಮಾದರಿಯ ಮೇಲಿನ ಗಾಳಿಯ ತೇವದಿಂದ ಹೀರಿಕೆಯನ್ನು ಅಳೆಯುವ ಇಬ್ಬನಿ ಬಿಂದು ಉಪಕರಣದಿಂದ ಬಂದ ಅಂಕಿಯ ಜೊತೆ ಗುರುತಿಲ್ಲದೆ ಬೆರೆಸಬಾರದು.

ಪ್ರಶ್ನೆ ಕೇಳಿದವರು:
ವಿಧಾನದ ಅಂಕಣವನ್ನು ಕಡ್ಡಾಯ ಮಾಡುತ್ತೇವೆ. ಆದರೆ ಹಳೆಯ ಕಡತಗಳಲ್ಲಿ ಆ ವಿವರವೇ ಇಲ್ಲ. ಅವನ್ನು ಕೈಬಿಡಬೇಕೆ? ಸಂತೃಪ್ತ ಜಲವಾಹಕತೆಗೆ (ಪೂರ್ತಿ ನೀರು ತುಂಬಿದ ಮಣ್ಣಿನ ಜಲವಾಹಕತೆ) ಸರಾಸರಿ ಕೊಟ್ಟರೆ ಸಾಕೆ?

ಉತ್ತರ 2:
ಕೈಬಿಡುವುದು ಬೇಡ. ವಿಧಾನ ತಿಳಿದಿಲ್ಲ ಎಂಬುದಕ್ಕೇ ಒಂದು ಸಂಕೇತವಿರಲಿ. ಖಾಲಿ ಬಿಟ್ಟರೆ ಯಾರೋ ಭರ್ತಿ ಮಾಡಲು ಮರೆತಂತೆ ಕಾಣುತ್ತದೆ, ಸೊನ್ನೆ ಹಾಕಿದರೆ ಅದೇ ಅಳತೆಯಾಗಿಬಿಡುತ್ತದೆ. ಜಲವಾಹಕತೆಗೆ ಬರೀ ಸರಾಸರಿ ಸಾಲದು. ಒಂದೇ ಹೊಲದಲ್ಲಿ ಮಣ್ಣಿನ ಮಾದರಿ ತೆಗೆದ ಎರಡು ಉಂಗುರಗಳಲ್ಲಿ, ಒಂದರೊಳಗೆ ಎರೆಹುಳುವಿನ ಬಿಲ ಸಿಕ್ಕಿಕೊಂಡರೆ, ಮೌಲ್ಯ ಹತ್ತು ಪಟ್ಟಿಗಿಂತಲೂ ಹೆಚ್ಚು ವ್ಯತ್ಯಾಸವಾಗಬಹುದು. ಪ್ರತಿ ಉಂಗುರದ ಅಂಕಿಯನ್ನೂ ಅದರ ವ್ಯಾಸ, ಎತ್ತರಗಳೊಡನೆ ಇಡಿ. ಸರಾಸರಿ ಬೇಕಾದವರು ಲಾಗರಿದಮ್ ತೆಗೆದುಕೊಂಡು ತಾವೇ ಮಾಡಿಕೊಳ್ಳುತ್ತಾರೆ.